ಟ್ಯಾಂಕು: ಒಂದು ಶಬ್ದದ ದೇಶಾಟನೆ

ಬೆಂಗಳೂರಿನ ನಾಗವಾರದಿಂದ ಉತ್ತರಾಭಿಮುಖವಾಗಿ ಹೋಗುವ ರಸ್ತೆಯಲ್ಲಿ ತಣಿಸಂದ್ರವಿದೆ. ಹಿಂದೆ ಹಳ್ಳಿಯಾಗಿದ್ದ ಈ ಊರು ಈಗ ನಗರದ ಬಡಾವಣೆಯಾಗಿದೆ. ಬೊಮ್ಮಸಂದ್ರ, ಸಿಂಗಸಂದ್ರ, ದೇವಸಂದ್ರಗಳಲ್ಲಿಯೂ ಕಾಣುವ ‘ಸಂದ್ರ’ವು ‘ಸಮುದ್ರ’ ಶಬ್ದವು ಜನರ ನಾಲಗೆಯ ಮೇಲೆ ಸವೆದು ಉಳಿದ ರೂಪ. ಕಡಲು ಕಾಣದ ಬಯಲುಸೀಮೆಗೆ ಸಮುದ್ರವೆಲ್ಲಿಂದ ಬಂದಿತು? ದೊಡ್ಡ ಕೆರೆಗೆ ಸಮುದ್ರ, ಸಾಗರ ಎಂದು ಹೆಸರಿಡುವುದು ನಮ್ಮ ಪೂರ್ವಿಕರ ವಾಡಿಕೆಯಾಗಿತ್ತು.

ಪೂರ್ವಿಕರು ಸಮುದ್ರವೆಂದುದನ್ನು ಇಂಗ್ಲಿಷ್ ಅಧಿಕಾರಿಗಳು ಟ್ಯಾಂಕ್ ಎಂದರು. ಇಂದಿನ ವಿದ್ಯಾರ್ಥಿಗೆ ಆ ಶಬ್ದವನ್ನು ಕೇಳಿದೊಡನೆ ನೆನಪಾಗುವುದು ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ತೊಟ್ಟಿ, ಮೋಟಾರಿನ ಪೆಟ್ರೋಲ್ ತೊಟ್ಟಿ, ಇಲ್ಲವೆ ರಣರಂಗದ ಉಕ್ಕಿನ ರಥ. ಒಂದೇ ಶಬ್ದಕ್ಕೆ ಇಷ್ಟು ವೇಷಗಳು ಹೇಗೆ ಬಂದುವು?

ಇದು ಇಂಗ್ಲೆಂಡಿನಲ್ಲಿ ಹುಟ್ಟಿದ ಶಬ್ದವಲ್ಲ. 17ನೆಯ ಶತಮಾನದಲ್ಲಿ ಪಶ್ಚಿಮ ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕರು ಗುಜರಾತಿಯ ‘ಟಾಂಕಿ’, ಮರಾಠಿಯ ‘ಟಾಂಕೆ’ ಎಂಬ ಮಾತುಗಳನ್ನು ಕೇಳಿದರು. ನೆಲದಡಿಯ ನೀರಿನ ತೊಟ್ಟಿಗೆ ಆ ಹೆಸರು. ಅದೇ ಕರಾವಳಿಯಲ್ಲಿ ಅವರಿಗಿಂತ ಮೊದಲೇ ನೆಲೆಸಿದ್ದ ಪೋರ್ಚುಗೀಸರಲ್ಲಿ ಕೊಳಕ್ಕೆ ‘ತಾಂಕೆ’ ಎಂಬ ಮಾತಿತ್ತು; ಹರಿವ ನೀರನ್ನು ತಡೆಯುವುದೆಂಬ ಅರ್ಥದ ಕ್ರಿಯಾಪದಕ್ಕೆ ಅದು ಸಂಬಂಧಿಸಿದುದು. ಈ ಎರಡೂ ಶಬ್ದಗಳು ಒಂದರೊಳಗೊಂದು ಬೆರೆತು ಇಂಗ್ಲಿಷಿನ ಟ್ಯಾಂಕ್ ರೂಪುಗೊಂಡಿತೆಂದು ತಿಳಿಯುವುದೇ ಉಚಿತವೆಂದು ತೋರುತ್ತದೆ. ಯೂಲ್ ಮತ್ತು ಬರ್ನೆಲ್ ಎಂಬುವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಈ ಚರ್ಚೆಗೆ ಸಾಕಷ್ಟು ಸ್ಥಳ ಕೊಟ್ಟಿದ್ದಾರೆ.

ಯುದ್ಧದ ಅರ್ಥವಾದರೋ ಒಂದು ಸುಳ್ಳಿನಿಂದ ಹುಟ್ಟಿದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಹೊಸ ಕವಚವಾಹನವು ಸಿದ್ಧವಾಗುತ್ತಿತ್ತು. ಗುಟ್ಟು ಹೊರಬೀಳದಿರಲೆಂದು ಅದನ್ನು ಮೆಸೊಪೊಟೇಮಿಯಾಕ್ಕೆ ನೀರು ಸಾಗಿಸುವ ತೊಟ್ಟಿಯೆಂದು ಹೇಳಲಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಆ ಯಂತ್ರಗಳು ಮೊದಲ ಬಾರಿ ಕಾಣಿಸಿಕೊಂಡಾಗ ಗುಟ್ಟು ಒಡೆಯಿತು, ಹೆಸರು ಮಾತ್ರ ಉಳಿಯಿತು. ಅಮೆರಿಕದಲ್ಲಿ ಈಜುಕೊಳಕ್ಕೂ ಟ್ಯಾಂಕ್ ಎನ್ನುತ್ತಿದ್ದರು. ಇಂದು ತರುಣರು ತೊಡುವ ತೋಳಿಲ್ಲದ ‘ಟ್ಯಾಂಕ್ ಟಾಪ್’ ಅಂಗಿಯು ಅಲ್ಲಿನ ಈಜುಡುಗೆಯಿಂದ ಹೆಸರು ಪಡೆದುದು.

ತೊಟ್ಟಿಗೆ ನಾಲ್ಕು ಗೋಡೆ, ಒಂದು ತಳವಿದ್ದರೆ ಸಾಕು. ಅದನ್ನು ಎಲ್ಲಿಟ್ಟರೂ ಅದು ತೊಟ್ಟಿಯೇ. ಕೆರೆಯು ಹಾಗಲ್ಲ. ಇಳಿಜಾರಿನ ಮಳೆನೀರನ್ನು ಒಂದು ಕಡೆ ಏರಿಯು ತಡೆಯುತ್ತದೆ; ಉಳಿದ ಕಡೆಗಳಿಗೆ ನೆಲದ ಏರುತಗ್ಗೇ ಗೋಡೆ. ತೂಬಿನ ಮೂಲಕ ಹೊರಟ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುತ್ತದೆ. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಕೋಡಿಯಲ್ಲಿ ಬಿದ್ದು, ಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಜಕ್ಕೂರು ಕೆರೆಯ ಕೋಡಿನೀರು ತಣಿಸಂದ್ರದ ಮಗ್ಗುಲಿನ ರಾಚೇನಹಳ್ಳಿ ಕೆರೆಗೆ ಇಳಿಯುವುದು ಈ ಕ್ರಮದಿಂದಲೇ. ಹೆಬ್ಬಾಳ ಕಣಿವೆಯ ನೀರೆಲ್ಲ ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ದೊಡ್ಡ ನದಿಯಿಲ್ಲದ ಬೆಂಗಳೂರಿಗೆ ಈ ಸರಪಳಿಯೇ ನದಿಯಾಗಿತ್ತು.

ಕೆರೆಯನ್ನು ತೊಟ್ಟಿಯೆಂದು ಬಗೆದವನಿಗೆ ಕಾಲುವೆಯು ಕೆರೆಯ ಅಂಗವಾಗಿ ತೋರುವುದಿಲ್ಲ, ಖಾಲಿ ನಿವೇಶನವಾಗಿ ತೋರುತ್ತದೆ. ಶಬ್ದವೊಂದರಿಂದಲೇ ಅನರ್ಥವಾಯಿತೆನ್ನಲು ಬಾರದು. ನೆಲದ ಬೆಲೆಯ ಪಾತ್ರವೇ ದೊಡ್ಡದು. ಆದರೂ 2024ರ ಅಕ್ಟೋಬರಿನ ಮಳೆಯಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ರಸ್ತೆಗಳಲ್ಲಿ ನೀರು ನಿಂತಾಗ, ನೀರು ತನ್ನ ಹಳೆಯ ಇಳಿಜಾರನ್ನು ಮರೆತಿಲ್ಲವೆಂಬುದು ಸ್ಪಷ್ಟವಾಯಿತು. ಸಂಪಂಗಿ ಕೆರೆಯ ಸ್ಥಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ, ಧರ್ಮಾಂಬುಧಿಯ ಸ್ಥಳದಲ್ಲಿ ಬಸ್ ನಿಲ್ದಾಣ. ನಿಲ್ದಾಣದ ಸಮೀಪದಲ್ಲಿಯೇ ‘ಟ್ಯಾಂಕ್ ಬಂಡ್ ರಸ್ತೆ’ಯೂ ಇದೆ, ‘ಬಂಡ್’ ಎಂಬುದೂ ಪಾರಸಿಯಿಂದ ಹಿಂದುಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋದ ಶಬ್ದವೇ.

2014ರಲ್ಲಿ ಕೆರೆಗಳ ಸಂರಕ್ಷಣೆಗಾಗಿ ನಮ್ಮ ರಾಜ್ಯವು ಕಾಯಿದೆಯೊಂದನ್ನು ಮಾಡಿ ಪ್ರಾಧಿಕಾರವೊಂದನ್ನು ಸ್ಥಾಪಿಸಿತು. ಅದರ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಲೇಕ್’ ಎಂದಿತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ‘ಟ್ಯಾಂಕ್’ ಎಂದು ಬರೆಯಲಾಯಿತು. ಕನ್ನಡದ ಹೆಸರಿನಲ್ಲಿ ಇರುವುದು ‘ಕೆರೆ’.