ಊರ ದಾರಿಯ ಆರೋಗ್ಯಪತ್ರಗಳು

ಪರದೇಶಕ್ಕೆ ಹೊರಡುವವನ ಕಾಗದಪತ್ರಗಳನ್ನು ಮನೆಮಂದಿಯೆಲ್ಲ ಕೂಡಿ ನಾಲ್ಕು ಸಲ ಎಣಿಸಿ ನೋಡುವುದು ನಮ್ಮಲ್ಲಿ ವಾಡಿಕೆ. ಹಿಂತಿರುಗಿ ಬರುವವನ ಕಾಗದಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ತನ್ನ ಊರಿಗೆ ತಾನು ಬರಲು ಯಾರ ಅಪ್ಪಣೆ ಬೇಕು ಎಂಬ ಭಾವನೆ ಅಷ್ಟು ಗಾಢವಾಗಿ ಬೇರೂರಿದೆ. 2020ರಿಂದ 2022ರವರೆಗಿನ ಕೊರೋನಾ ಕಾಲವು ಈ ಭಾವನೆಯನ್ನು ಬುಡಮೇಲು ಮಾಡಿತು. ಆ ಕಾಲ ಕಳೆದಿದ್ದರೂ ಊರಿನ ದಾರಿಯಲ್ಲಿ ಆರೋಗ್ಯಪತ್ರವನ್ನು ಕೇಳುವ ಬಾಗಿಲುಗಳು ಪೂರ್ತಿ ಮುಚ್ಚಿಲ್ಲವಾದುದರಿಂದ, ವಿಷಯವನ್ನು ಒಮ್ಮೆ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರಿದೆ.

ಮೆಟ್ಟುಪಾಳ್ಯಂ, ಕಾರಮಡೈ, ಸಿರುಮುಗೈಗಳ ಸುತ್ತಲಿನ ಕನ್ನಡ ಮನೆಗಳಿಗೆ ಈ ವಿಚಾರದಲ್ಲಿ ಒಂದು ವಿಶೇಷ ತೊಡಕುಂಟು. ಭವಾನಿಯ ದಂಡೆಯ ಒಕ್ಕಲಿಗರಾಗಲಿ, ಮಗ್ಗದ ಮುಂದೆ ಕುಳಿತ ದೇವಾಂಗದವರಾಗಲಿ, ನಾವು ಮೂರು ರಾಜ್ಯಗಳ ಸಂಧಿಯಲ್ಲಿ ನೆಲೆಸಿದವರು. ಹತ್ತಿರದ ವಿಮಾನ ನಿಲ್ದಾಣ ಕೊಯಮತ್ತೂರಿನ ಪೀಳಮೇಡು. ಆದರೆ ಅಲ್ಲಿಗೆ ನೇರವಾಗಿ ಬರುವ ಪರದೇಶದ ವಿಮಾನಗಳು ಬೆರಳೆಣಿಕೆಯವು. ಆದ್ದರಿಂದ ನಮ್ಮವರು ಕೊಚ್ಚಿಯಲ್ಲಿ ಇಳಿದು ವಾಳಯಾರು ದಾಟಿ ಬರುವುದೂ, ಬೆಂಗಳೂರಿನಲ್ಲಿ ಇಳಿದು ಹೊಸೂರಿನ ಮೇಲೋ ಚಾಮರಾಜನಗರ, ದಿಂಬಂ ಘಟ್ಟ, ಬಣ್ಣಾರಿಗಳ ಮೇಲೋ ಬರುವುದೂ ಸಾಮಾನ್ಯ. ಸಾಧಾರಣ ಕಾಲದಲ್ಲಿ ಇದು ಅನುಕೂಲವೇ ಸರಿ. ರೋಗದ ಕಾಲದಲ್ಲಿ ಒಬ್ಬನೇ ಪ್ರಯಾಣಿಕ ಎರಡು ಸರ್ಕಾರಗಳ ನಿಯಮಕ್ಕೆ ಒಳಗಾಗಬೇಕಾಯಿತು.

ಇದು ಹೊಸತೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಮೈಸೂರು ಸೀಮೆಯಿಂದ ಮದರಾಸು ಪ್ರಾಂತಕ್ಕೆ ಬರುವವರನ್ನು ಗಡಿಯಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ತಡೆದು ತಪಾಸಣೆ ಮಾಡುತ್ತಿದ್ದರು. ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿಯೊಂದು ಆಗ ಬಳಕೆಯಲ್ಲಿತ್ತು. ಮೆಟ್ಟುಪಾಳ್ಯದಿಂದ ಕೂನೂರಿಗೆ ಬೆಟ್ಟದ ರೈಲು ಹತ್ತಿದ್ದು ಅದರ ಮರುವರ್ಷ, 1899ರಲ್ಲಿ. ಆ ಮಾರಿಯ ನೆನಪಿಗೆ ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಪೂಜೆಗೊಳ್ಳುತ್ತಿವೆ. ಅಂದು ಪ್ಲೇಗಿಗಾಗಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಸರ್ಕಾರಗಳು ಹೊರತೆಗೆದು ಜಾರಿಗೆ ತಂದವೆಂಬುದನ್ನು ಗಮನಿಸಬೇಕು.

ಆಮೇಲೆ ಬಂದುದು ಸಿಡುಬಿನ ಪತ್ರ. ಹಿಂದೆ ಸಿಂಗಾಪುರ, ಮಲಯಗಳಿಗೆ ಹೋಗಿಬಂದ ಹಿರಿಯರ ಪೆಟ್ಟಿಗೆಗಳಲ್ಲಿ ಸಿಡುಬಿನ ಲಸಿಕೆಯ ಪುಸ್ತಿಕೆ ಈಗಲೂ ಸಿಕ್ಕಬಹುದು. ಅದಕ್ಕೆ ಮೂರು ವರ್ಷದ ಅವಧಿ. ಭಾರತದ ಕೊನೆಯ ಸಿಡುಬು 1975ರ ಮೇ ತಿಂಗಳಲ್ಲಿ ಕಂಡಿತು. 1980ರಲ್ಲಿ ಜಗತ್ತೇ ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಮೇಲೆ ಆ ಪುಸ್ತಿಕೆಗೆ ಕೆಲಸವಿಲ್ಲವಾಯಿತು.

ಇನ್ನು ಕೊರೋನಾ ಕಾಲದ ಮಾತು. 2020ರ ಮಾರ್ಚಿಯಲ್ಲಿ ಪರದೇಶದ ನಿಯತ ವಿಮಾನಗಳು ನಿಂತವು. ಮತ್ತೆ ಹೊರಟಿದ್ದು 2022ರ ಮಾರ್ಚಿ 27ರಂದು. ನಡುವೆ 2020ರ ಮೇ 7ರಿಂದ ‘ವಂದೇ ಭಾರತ್’ ವಿಮಾನಗಳು ಜನರನ್ನು ಕರೆತಂದವು. ಮೊದಲ ದಿನ ಕೊಲ್ಲಿಯಿಂದ ಬಂದವು ಕೊಚ್ಚಿ ಮತ್ತು ಕಲ್ಲಿಕೋಟೆಗಳಲ್ಲಿ ಇಳಿದವು. ಬಂದವರಿಗೆ ಏಳು ದಿನ ಸ್ವಂತ ಖರ್ಚಿನಲ್ಲಿ ಹೊರಗೆ ವಾಸ, ಏಳು ದಿನ ಮನೆಯಲ್ಲಿ ಪ್ರತ್ಯೇಕ ವಾಸ ಎಂಬುದು ಅಂದಿನ ಕಟ್ಟಳೆ. ಗಡಿ ದಾಟಲು ತಮಿಳುನಾಡಿನ ಇ-ಪಾಸ್ ಬೇರೆ, ಕರ್ನಾಟಕಕ್ಕೆ ಸೇವಾಸಿಂಧುವಿನ ಅನುಮತಿ ಬೇರೆ. ಆ ಆಗಸ್ಟಿನಿಂದ ಪ್ರಯಾಣಿಕರು ತಮ್ಮ ವಿವರವನ್ನು ಅಂತರ್ಜಾಲದಲ್ಲಿ ಮೊದಲೇ ಘೋಷಿಸಬೇಕಾಯಿತು. ‘ಏರ್ ಸುವಿಧಾ’ ಎಂದು ಹೆಸರಾದುದು ಅದೇ. 2021ರ ಫೆಬ್ರವರಿ 22ರಿಂದಾಚೆಗೆ, ಪ್ರಯಾಣಕ್ಕೆ 72 ಗಂಟೆಗಳೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ರೋಗವಿಲ್ಲವೆಂಬ ವರದಿ ಇಲ್ಲದೆ ವಿಮಾನ ಹತ್ತುವಂತಿರಲಿಲ್ಲ. ವರದಿ ಕೈಸೇರಿದ ಹೊತ್ತಿನಿಂದಲೇ ಲೆಕ್ಕವೆಂದು ತಿಳಿದು ಎಡವಿದವರು ಅನೇಕರು.

ಆ ನಿಯಮಾವಳಿಯಲ್ಲಿ ಒಂದು ವಿನಾಯಿತಿಯೂ ಇತ್ತು. ಮನೆಯಲ್ಲಿ ಸಾವಾಗಿದ್ದರೆ ವರದಿಯಿಲ್ಲದೆಯೂ ಬರಬಹುದು. ಆದರೆ ಅದಕ್ಕೆ ವಿಮಾನ ಹತ್ತುವ 72 ಗಂಟೆ ಮೊದಲೇ ಅರ್ಜಿ ಹಾಕಬೇಕು! ಸಾವು ಮೂರು ದಿನ ಮುಂಚೆ ಹೇಳಿಕಳಿಸಿ ಬರುವುದೆಂದು ಬಗೆದವರಾರೋ ಇದನ್ನು ಬರೆದಿರಬೇಕು. ನಾವು ಬಲ್ಲ ಸಿರುಮುಗೈ ಕಡೆಯ ಒಂದು ನೇಕಾರರ ಮನೆಯಲ್ಲಿ ಆ ಬೇಸಿಗೆಯಲ್ಲಿ ಯಜಮಾನರು ತೀರಿಕೊಂಡರು. ಹಿರಿಯ ಮಗ ಶಾರ್ಜಾದಲ್ಲಿ. ವಿನಾಯಿತಿಯನ್ನು ಕಾಯುವುದಕ್ಕಿಂತ ಪರೀಕ್ಷೆಯೇ ಬೇಗ ಮುಗಿಯುವುದೆಂದು ಆತ ಅಂದೇ ಮೂಗಿನ ದ್ರವ ಕೊಟ್ಟ. ವರದಿ ರಾತ್ರಿಯೇ ಬಂದಿತು, ರೋಗವೂ ಇರಲಿಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿಯಾಗಿದ್ದರೆ ವರದಿಯಲ್ಲಿ ಒಂದೇ ಅಕ್ಷರವಿತ್ತು. ವಿಮಾನದ ಕಟ್ಟೆಯಲ್ಲಿ ಒಪ್ಪಲಿಲ್ಲ. ಪ್ರಯೋಗಶಾಲೆಗೆ ಓಡಿ ತಿದ್ದಿಸಿ ತರುವಷ್ಟರಲ್ಲಿ ವಿಮಾನ ಹೋಗಿತ್ತು. ಇತ್ತ ತಮ್ಮನು, “ಅಣ್ಣ ಬರುವ ತನಕ ಇಟ್ಟುಕೊಳ್ಳೋಣ” ಎಂದರೂ, ಬೇಸಿಗೆಯ ಸೆಕೆಯಲ್ಲಿ ಕಾಯುವುದು ಬೇಡವೆಂದು ಹಿರಿಯರು ತೀರ್ಮಾನಿಸಿದರು. ಮಗ ಬಂದುದು ಮೂರನೆಯ ದಿನದ ಹಾಲುತುಪ್ಪಕ್ಕೆ. ಆಗಲೂ ಮನೆಯೊಳಕ್ಕೆ ಬರದೆ, ಮುಖಗವಸು ಕಟ್ಟಿಕೊಂಡು ದೂರದಲ್ಲಿ ನಿಂತು ಹಾಲು ಬಿಟ್ಟ.

ಹೆಸರಿನ ಈ ತೊಡಕನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮಂಥ ಗಡಿನಾಡಿನವರಿಗೆ ಇದು ಕೊರೋನಾದೊಂದಿಗೆ ಹೋಗುವ ತೊಡಕಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್. ತಮಿಳು ಬರವಣಿಗೆಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ಪಕಾರ ಬಕಾರಗಳಿಗೂ ಒಂದೇ. ಹೀಗಾಗಿ ಗೌಡನು ಒಂದು ಕಾಗದದಲ್ಲಿ ಗೌಡನಾಗಿ, ಇನ್ನೊಂದರಲ್ಲಿ ಗೌಡರ್ ಆಗಿ, ಮತ್ತೊಂದರಲ್ಲಿ ಕವುಡರ್ ಆಗಿ ಕಾಣುತ್ತಾನೆ. ಬಸವ, ಬೊಮ್ಮಿ ಎಂಬ ಹೆಸರುಗಳನ್ನು ಪಕಾರದಿಂದ ಓದಿ ಇಂಗ್ಲಿಷಿಗೆ ಇಳಿಸಿದ ಗುಮಾಸ್ತರೂ ಉಂಟು. ಇದರ ಮೇಲೆ ತಮಿಳುನಾಡಿನ ಇನಿಷಿಯಲ್ ಪದ್ಧತಿ: ಹೆಸರಿಗೆ ಮೊದಲು ತಂದೆಯ ಹೆಸರಿನ ಒಂದಕ್ಷರ. ಪರದೇಶದ ಆಸ್ಪತ್ರೆಯ ಯಂತ್ರಕ್ಕೆ ಆ ಒಂದಕ್ಷರದ ಅರ್ಥ ತಿಳಿಯದು. ಆದುದರಿಂದ ಯಾವ ಪರೀಕ್ಷೆಯೇ ಆಗಲಿ, ಲಸಿಕೆಯೇ ಆಗಲಿ, ಬಾಯಿಮಾತಿನಲ್ಲಿ ಹೆಸರು ಹೇಳದೆ ಪಾಸ್‌ಪೋರ್ಟನ್ನೇ ಮುಂದಿಟ್ಟು, ಅದರ ಸಂಖ್ಯೆಯನ್ನೂ ಪತ್ರದಲ್ಲಿ ಬರೆಸಬೇಕು. ಅಲ್ಲಿಂದ ಏಳುವ ಮೊದಲೇ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಏರ್ ಸುವಿಧಾದ ಘೋಷಣೆ 2022ರ ನವೆಂಬರ್ 22ರಂದು ನಿಂತಿತು. ಈಗಲೂ ನಿಂತಿರದ ಪತ್ರವೆಂದರೆ ಹಳದಿ ಜ್ವರದ್ದು. ಕೀನ್ಯಾ, ಉಗಾಂಡಾ, ಇಥಿಯೋಪಿಯಾ, ನೈಜೀರಿಯಾ ಮುಂತಾದ ಆಫ್ರಿಕದ ದೇಶಗಳಿಂದಲೂ ಬ್ರೆಜಿಲ್ ಮೊದಲಾದ ದಕ್ಷಿಣ ಅಮೆರಿಕದ ದೇಶಗಳಿಂದಲೂ ಬರುವವರಲ್ಲಿ ಈ ಲಸಿಕೆಯ ಪತ್ರವಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಿದೆ. ತನ್ನ ದೇಶದ ಪ್ರಜೆಯೆಂದು ರಿಯಾಯಿತಿಯಿಲ್ಲ. ಇದು ಬರಿಯ ಕಾಠಿಣ್ಯವಲ್ಲ. ಹಳದಿ ಜ್ವರ ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ, ಅಂದರೆ ಡೆಂಗಿಯನ್ನು ಹರಡುವ ಅದೇ ಈಡಿಸ್ ಸೊಳ್ಳೆ, ನಮ್ಮ ನೀರಿನ ತೊಟ್ಟಿಗಳಲ್ಲಿಯೇ ಹುಟ್ಟುತ್ತದೆ. ರೋಗ ಹೊತ್ತ ಒಬ್ಬನು ಊರು ಸೇರಿದರೆ ಸಾಕು. ಸೋಂಕು ತಗಲಿದ ಮೂರರಿಂದ ಆರು ದಿನದೊಳಗೆ ಜ್ವರ ಕಾಣಿಸುವುದರಿಂದ ಆ ಆರು ದಿನದ ಲೆಕ್ಕ.

ಲಸಿಕೆ ಒಂದೇ ಸಲ. ಪತ್ರಕ್ಕೆ ಬೆಲೆ ಬರುವುದು ಚುಚ್ಚಿದ ಹತ್ತು ದಿನಗಳ ಮೇಲೆ. ಹಿಂದೆ ಹತ್ತು ವರ್ಷದ ಅವಧಿಯಿತ್ತು. 2016ರ ಜುಲೈ 11ರಿಂದ ಅದು ಜೀವಮಾನಪೂರ್ತಿ ಸಲ್ಲುತ್ತದೆ, ಹಳೆಯ ಪತ್ರಗಳೂ ಸಲ್ಲುತ್ತವೆ. ಎಲ್ಲ ವೈದ್ಯರೂ ಇದನ್ನು ಕೊಡುವಂತಿಲ್ಲ. ಚೆನ್ನೈ ಗಿಂಡಿಯ ಕಿಂಗ್ ಸಂಸ್ಥೆಯಂತಹ ಅಧಿಕೃತ ಕೇಂದ್ರದ ಮುದ್ರೆ ಬೇಕು. ಅರುವತ್ತು ದಾಟಿದವರು ಮೊದಲು ವೈದ್ಯರನ್ನು ವಿಚಾರಿಸಬೇಕು.

ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳ ತಾಯಂದಿರಿಗೂ ಒಂದು ಮಾತು. ಏಳನೆಯ ತಿಂಗಳ ಶಾಸ್ತ್ರ ಮುಗಿಸಿಕೊಂಡೇ ಬರಲಿ ಎಂದು ಕಾದರೆ ವಿಮಾನದವರು ವೈದ್ಯರ ಪತ್ರ ಕೇಳುವ ಕಾಲ ಬಂದಿರುತ್ತದೆ. ಎಷ್ಟನೆಯ ವಾರದಿಂದ ಪತ್ರ ಬೇಕು, ಎಷ್ಟನೆಯ ವಾರದ ಮೇಲೆ ಹತ್ತಿಸಿಕೊಳ್ಳುವುದೇ ಇಲ್ಲ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಟಿಕೆಟ್ಟಿಗೆ ಮೊದಲೇ ಕೇಳಿಕೊಳ್ಳುವುದು ಲೇಸು. ಶಸ್ತ್ರಕ್ರಿಯೆಯಾದವರನ್ನೋ ಮಲಗಿದ ರೋಗಿಯನ್ನೋ ಕರೆತರುವುದಿದ್ದರೆ ವೈದ್ಯರು ತುಂಬಿದ ನಮೂನೆಯನ್ನು ವಿಮಾನ ಸಂಸ್ಥೆಯ ವೈದ್ಯರು ನೋಡಿ ಒಪ್ಪಬೇಕು.

ಕೊನೆಯದಾಗಿ, ಬಾಯಲ್ಲಿ ಆಡಲು ಹಿಂಜರಿಯುವ ವಿಷಯ: ಪರದೇಶದಲ್ಲಿ ತೀರಿಕೊಂಡವರ ದೇಹವನ್ನು ತರುವುದು. ಅಲ್ಲಿಯ ಮರಣಪತ್ರ, ದೇಹವನ್ನು ಕೆಡದಂತೆ ಸಂಸ್ಕರಿಸಿದ ಪತ್ರ, ಭಾರತೀಯ ದೂತಾವಾಸದ ಆಕ್ಷೇಪವಿಲ್ಲವೆಂಬ ಪತ್ರ, ರದ್ದುಮಾಡಿದ ಪಾಸ್‌ಪೋರ್ಟು ಇವು ಮುಖ್ಯವಾದವು. ಇಲ್ಲಿ ಇಳಿದ ಮೇಲೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಯ ಒಪ್ಪಿಗೆ ಬೇಕು. ಅದಕ್ಕಾಗಿ ಕೇಂದ್ರ ಆರೋಗ್ಯ ಇಲಾಖೆ 2023ರ ಆಗಸ್ಟಿನಲ್ಲಿ ‘ಇ-ಕೇರ್’ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ತೆರೆಯಿತು. ಖರ್ಚು ಭರಿಸಲಾರದ ಬಡ ಕುಟುಂಬಗಳಿಗೆ, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕ್ಷೇಮನಿಧಿಯಿಂದ ದೂತಾವಾಸವೇ ನೆರವಾಗುವುದುಂಟು. ಈ ನಿಧಿಯ ವಿಷಯ ನಮ್ಮ ಮಗ್ಗದ ಮನೆಗಳಲ್ಲಿ ಬಹುಮಂದಿಗೆ ತಿಳಿಯದು, ಸಾಲಮಾಡಿ ತರಿಸಿಕೊಂಡವರಿದ್ದಾರೆ. ಅರ್ಜಿಯನ್ನು ದೂತಾವಾಸಕ್ಕೇ ಕೊಡಬೇಕು. ಅಲ್ಲಿಯೂ ಸತ್ತವರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು.