ದೊಡ್ಡ ವಿಮಾನದ ಜೀವ ಸಣ್ಣ ವಿಮಾನದ ಪೆಟ್ಟಿಗೆಯಲ್ಲಿ

1978ರ ಸೆಪ್ಟೆಂಬರ್ 25, ಬೆಳಿಗ್ಗೆ ಒಂಬತ್ತರ ಹೊತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಆಕಾಶ ನಿಚ್ಚಳವಾಗಿತ್ತು. ಪಿಎಸ್‌ಎ ಕಂಪನಿಯ ಬೋಯಿಂಗ್ 727 ಇಳಿಯಲು ಬರುತ್ತಿತ್ತು. ಅದರ ಮುಂದೆ, ಕೆಳಗಡೆ, ತರಬೇತಿಯ ಸೆಸ್ನಾ 172 ಹಾರುತ್ತಿತ್ತು. ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರ್ ಎಚ್ಚರಿಸಿದರು. ಬೋಯಿಂಗ್‌ನ ಪೈಲಟ್‌ಗಳು ‘ಕಾಣಿಸುತ್ತಿದೆ’ ಎಂದರು.

ಆ ಒಂದು ಮಾತಿನಿಂದ ಹೊಣೆ ಕೈ ಬದಲಾಯಿಸಿತು. ಕಾಣಿಸುತ್ತಿದೆ ಎಂದ ಪೈಲಟ್ ಇನ್ನು ತಾನೇ ನೋಡಿಕೊಂಡು ಅಂತರ ಕಾಯಬೇಕು, ಕಣ್ತಪ್ಪಿದರೆ ತಕ್ಷಣ ಹೇಳಬೇಕು. ಇದು ನಿಯಮ. ಸ್ವಲ್ಪ ಹೊತ್ತಿಗೆ ಸೆಸ್ನಾ ಮನೆಗಳ ಹಿನ್ನೆಲೆಯಲ್ಲಿ ಕರಗಿಹೋಯಿತು. ಬಲಕ್ಕೆ ದಾಟಿಹೋಗಿರಬೇಕು ಎಂದು ಪೈಲಟ್‌ಗಳು ಭಾವಿಸಿದರು. ಈಗ ಕಾಣಿಸುತ್ತಿಲ್ಲ ಎಂದು ಟವರ್‌ಗೆ ಬಿಡಿಸಿ ಹೇಳಲಿಲ್ಲ. ಡಿಕ್ಕಿಗೆ 19 ಸೆಕೆಂಡ್ ಮುಂಚೆ ನಿಯಂತ್ರಣ ಕೇಂದ್ರದಲ್ಲಿ ಎಚ್ಚರಿಕೆಯ ಸದ್ದು ಮೊಳಗಿತ್ತು. ಹೇಗೂ ಅವರಿಗೆ ಕಾಣಿಸಿದೆಯಲ್ಲ ಎಂದು ಅಲ್ಲಿನವರು ಸುಮ್ಮನಾದರು. 2,600 ಅಡಿ ಎತ್ತರದಲ್ಲಿ ಎರಡೂ ಬಡಿದುಕೊಂಡವು. ಸತ್ತವರು 144 ಮಂದಿ, ಅದರಲ್ಲಿ ಏಳು ಜನ ನೆಲದ ಮೇಲಿದ್ದವರು.

ಇಂಥ ಡಿಕ್ಕಿಯ ಭಯ ವಿಮಾನ ನಿಲ್ದಾಣದ ಸುತ್ತಲೇ ಹೆಚ್ಚು. ಮೂವತ್ತು ಸಾವಿರ ಅಡಿಯ ಮೇಲೆ ಸೆಸ್ನಾ ಬರುವುದಿಲ್ಲ. ಆದರೆ ದೊಡ್ಡ ವಿಮಾನ ಇಳಿಯಲೇಬೇಕು, ಇಳಿದಷ್ಟೂ ಸಣ್ಣವುಗಳ ಸೀಮೆಗೆ ಬರುತ್ತದೆ. ಪ್ರಯಾಣಿಕ ವಿಮಾನಗಳು ಉದ್ದಕ್ಕೂ ಕಂಟ್ರೋಲರ್ ಹೇಳಿದಂತೆ ಹಾರುತ್ತವೆ. ಸಣ್ಣ ವಿಮಾನಗಳಲ್ಲಿ ಎಷ್ಟೋ, ಹವೆ ಚೆನ್ನಾಗಿದ್ದರೆ, ಕಣ್ಣಿನ ಆಧಾರದ ಮೇಲೆಯೇ ಹಾರುತ್ತವೆ. ಎದುರಿನದನ್ನು ನೋಡು, ತಪ್ಪಿಸಿಕೋ ಎಂಬುದೇ ಅವುಗಳ ಮೂಲ ನಿಯಮ. ನಮ್ಮ ಬೆಂಗಳೂರಿನಲ್ಲೂ ಜಕ್ಕೂರಿನ ತರಬೇತಿ ಮೈದಾನ, ಯಲಹಂಕದ ವಾಯುನೆಲೆ, ದೇವನಹಳ್ಳಿಯ ನಿಲ್ದಾಣ ಮೂರೂ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ಇವೆ. ಆಕಾಶವನ್ನು ಹಂಚಿಕೊಡುವ ಕೆಲಸ ಇಲ್ಲೂ ದಿನನಿತ್ಯದ್ದು.

ಕಣ್ಣನ್ನು ಎಷ್ಟು ನಂಬಬಹುದು? ದೊಡ್ಡ ವಿಮಾನ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್ ವೇಗದಲ್ಲಿದೆ, ಎದುರಿನ ಸಣ್ಣದು 100 ನಾಟ್‌ನಲ್ಲಿದೆ ಎನ್ನಿ. ಎರಡರ ನಡುವಿನ ಅಂತರ ಸೆಕೆಂಡಿಗೆ 180 ಮೀಟರ್ ಕರಗುತ್ತದೆ. ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕೊಡುವ ಲೆಕ್ಕದಂತೆ, ಎದುರಿಗಿರುವುದು ವಿಮಾನವೆಂದು ಗುರುತಿಸಲು ಒಂದು ಸೆಕೆಂಡ್, ಡಿಕ್ಕಿಯಾಗಲಿದೆ ಎಂದು ಮನವರಿಕೆಯಾಗಲು ಐದು, ಯಾವ ಕಡೆ ಹೊರಳುವುದೆಂದು ತೀರ್ಮಾನಿಸಲು ನಾಲ್ಕು. ಕೈ ಆಡಿ, ವಿಮಾನ ಓಗೊಡುವ ಹೊತ್ತಿಗೆ ಒಟ್ಟು ಹನ್ನೆರಡೂವರೆ ಸೆಕೆಂಡ್. ಅಂದರೆ ಎರಡೂಕಾಲು ಕಿಲೋಮೀಟರ್ ದೂರದಲ್ಲೇ ಕಂಡಿರಬೇಕು. ಅಷ್ಟು ದೂರದಿಂದ ಸೆಸ್ನಾದ 11 ಮೀಟರ್ ರೆಕ್ಕೆ ಹುಣ್ಣಿಮೆ ಚಂದ್ರನ ಅರ್ಧದಷ್ಟು ಅಗಲದ ತೆಳು ಗೆರೆ, ಅಷ್ಟೇ.

ಇನ್ನೂ ಕಠಿಣವಾದ ಸಂಗತಿಯೊಂದಿದೆ. ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ. ಎರಡೂ ನೇರ ದಾರಿಯಲ್ಲಿ, ತಂತಮ್ಮ ವೇಗ ಬದಲಿಸದೆ ಸಾಗಿ ಒಂದೇ ಬಿಂದುವಿಗೆ ಬರುವುದಾದರೆ, ಒಂದಕ್ಕೆ ಇನ್ನೊಂದು ಕಾಣುವ ದಿಕ್ಕು ಕೊನೆಯವರೆಗೂ ಬದಲಾಗದು. ನಮ್ಮ ಕಣ್ಣು ಚಲಿಸುವುದನ್ನು ಥಟ್ಟನೆ ಹಿಡಿಯುತ್ತದೆ, ನಿಂತ ಚುಕ್ಕೆಯನ್ನು ಬಿಟ್ಟುಬಿಡುತ್ತದೆ. ಸರಿಯುತ್ತಿರುವ ವಿಮಾನದಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಅಲುಗಾಡದೆ ದೊಡ್ಡದಾಗುತ್ತಿರುವುದೇ ಅಪಾಯ. ಎಷ್ಟೇ ಚುರುಕಿನ ಪೈಲಟ್ ಆದರೂ ಇಲ್ಲಿ ಸೋಲಬಹುದು, ಅದನ್ನು ಅವರ ಅಲಕ್ಷ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅದಕ್ಕೇ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಪೆಟ್ಟಿಗೆ. ನೆಲದ ರಾಡಾರ್ ಕೇಳಿದಾಗ ಅದು ನಾಲ್ಕು ಅಂಕಿಯ ಸಂಕೇತವನ್ನೂ, ಎತ್ತರ ತಿಳಿಸುವ ವ್ಯವಸ್ಥೆ ಇದ್ದರೆ ತನ್ನ ಎತ್ತರವನ್ನೂ ಹೇಳುತ್ತದೆ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಊರಿನ ಮೇಲೆ ಏರೋಮೆಹಿಕೋದ ಡಿಸಿ-9ಕ್ಕೆ ಬಡಿದ ಪೈಪರ್ ವಿಮಾನದಲ್ಲಿ ಎತ್ತರ ತಿಳಿಸುವ ವ್ಯವಸ್ಥೆ ಇರಲಿಲ್ಲ. ಅನುಮತಿಯಿಲ್ಲದೆ, ಗೊತ್ತಿಲ್ಲದೆ ಅದು ನಿಯಂತ್ರಿತ ವಲಯಕ್ಕೆ ನುಗ್ಗಿತ್ತು. ಸತ್ತವರು 82 ಮಂದಿ. ಎರಡರಲ್ಲಿ ಯಾವುದೂ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಹೊರಳಿದ ಗುರುತಿರಲಿಲ್ಲ.

ಆಮೇಲೆ ಅಮೆರಿಕ, ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಇರಲೇಬೇಕೆಂದಿತು. ಪ್ರಯಾಣಿಕ ವಿಮಾನಗಳಿಗೆ ಟಿಕ್ಯಾಸ್ ಯಂತ್ರವನ್ನೂ ಕಡ್ಡಾಯ ಮಾಡಿತು. 1996ರಲ್ಲಿ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಬಡಿದುಕೊಂಡು 349 ಮಂದಿ ಸತ್ತ ಮೇಲೆ ಭಾರತವೂ ಟಿಕ್ಯಾಸ್ ಬೇಕೆಂದಿತು. ಇದು ನೆಲದ ರಾಡಾರನ್ನು ಕಾಯದೆ, ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನು ತಾನೇ ವಿಚಾರಿಸುತ್ತದೆ. ಡಿಕ್ಕಿಗೆ ಸುಮಾರು ಮುಕ್ಕಾಲು ನಿಮಿಷ ಇರುವಾಗ ‘ಟ್ರಾಫಿಕ್’ ಎನ್ನುತ್ತದೆ, ಅರ್ಧ ನಿಮಿಷದೊಳಗೆ ಬಂದಾಗ ಏರು ಅಥವಾ ಇಳಿ ಎಂದು ಆಜ್ಞೆ ಕೊಡುತ್ತದೆ. ಎದುರಿನದು ಎತ್ತರ ಹೇಳದಿದ್ದರೆ ಆ ಆಜ್ಞೆ ಹೊರಡುವುದಿಲ್ಲ. ಟ್ರಾನ್ಸ್‌ಪಾಂಡರ್ ಇಲ್ಲದಿದ್ದರೆ, ಇದ್ದೂ ಆರಿಸಿದ್ದರೆ, ಟಿಕ್ಯಾಸ್‌ನ ಪಾಲಿಗೆ ಆ ವಿಮಾನವೇ ಇಲ್ಲ.

ನೆಲದಿಂದ ಸುಮಾರು ಸಾವಿರ ಅಡಿಯ ಕೆಳಗಂತೂ ಅದು ಆಜ್ಞೆ ಕೊಡುವುದೇ ಇಲ್ಲ. ರನ್‌ವೇ ಹತ್ತಿರ ‘ಇಳಿ’ ಎಂದರೆ ನೆಲಕ್ಕೇ ಬಡಿಯಬಹುದು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಪ್ರಯಾಣಿಕ ಜೆಟ್ ಮತ್ತು ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿದ್ದು ಆ ಎತ್ತರದಲ್ಲೇ. ಹೆಲಿಕಾಪ್ಟರ್‌ನವರು ಜೆಟ್ ಕಾಣಿಸುತ್ತಿದೆ ಎಂದು ಹೇಳಿ, ಕಣ್ಣಳತೆಯ ಅಂತರಕ್ಕೆ ಅನುಮತಿ ಪಡೆದಿದ್ದರು. 67 ಮಂದಿ ಸತ್ತರು. ಆಮೇಲೆ ನಿಲ್ದಾಣದ ಪಕ್ಕದ ಆ ಹೆಲಿಕಾಪ್ಟರ್ ದಾರಿಯನ್ನೇ ಮುಚ್ಚಿದರು. ಮಾಡಬೇಕಾದದ್ದು ಅದೇ ಆಗಿತ್ತು; ಯಂತ್ರವೂ ಮಾತಾಡದ, ಕಣ್ಣೂ ಕೈಕೊಡುವ ಎತ್ತರದಲ್ಲಿ ಎರಡು ದಾರಿ ಕೂಡಲೇಬಾರದು.