ಹನ್ನೆರಡು ವೋಲ್ಟಿನ ಕಾವು

ಹಾಲ್ಕುರಿಕೆಯಂತಹ ತೆಂಗಿನ ಸೀಮೆಯ ಗ್ರಾಮಗಳಲ್ಲಿಯೂ ಈಗ ಕಂಪ್ಯೂಟರು ಅಪರೂಪದ ವಸ್ತುವಲ್ಲ. ತಿಪಟೂರಿಗೆ ಹೋಗಿ ಇಂಜಿನಿಯರಿಂಗ್ ವ್ಯಾಸಂಗ ಮಾಡುವ ಹುಡುಗರು, ಚಿತ್ರರಚನೆಗೋ ಆಟಕ್ಕೋ ಗ್ರಾಫಿಕ್ಸ್ ಕಾರ್ಡೆಂಬ ಫಲಕವನ್ನು ತಂದು ತಾವೇ ಜೋಡಿಸುವುದುಂಟು. ಕೊಬ್ಬರಿ ಮಾರಿದ ಹಣದಿಂದ ಕೊಂಡ ವಸ್ತುವು ಅಲಕ್ಷ್ಯದಿಂದ ಸುಟ್ಟುಹೋಗಬಾರದು. ಅದಕ್ಕಿಂತ ಮಿಗಿಲಾಗಿ, ಮನೆಗೆ ಬೆಂಕಿಯ ಭಯವೊದಗಬಾರದು. ಆದಕಾರಣ ಗೃಹಸ್ಥರು ಈ ವಿಷಯವನ್ನು ತಿಳಿದಿರುವುದು ಯುಕ್ತ.

“ಹನ್ನೆರಡೇ ವೋಲ್ಟು, ಅದರಿಂದೇನಾದೀತು?” ಎಂದು ಅನೇಕರು ಭಾವಿಸುವರು. ಮುಟ್ಟಿದರೆ ಅದು ಹೊಡೆಯದೆಂಬುದು ನಿಜ. ಆದರೆ ತಂತಿಯನ್ನು ಕಾಯಿಸುವುದು ವೋಲ್ಟಲ್ಲ, ಪ್ರವಾಹ. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುವುದು. ಅಷ್ಟೇ ಶಕ್ತಿಯನ್ನು ಒಯ್ಯಲು, ವೋಲ್ಟು ಕಡಮೆಯಾದಷ್ಟೂ ಪ್ರವಾಹವು ಹೆಚ್ಚಬೇಕು. ದೊಡ್ಡ ಕಾರ್ಡುಗಳ ಹೊಸ ಮಾದರಿಯ ಕೇಬಲ್ 600 ವಾಟಿನವರೆಗೆ ಒಯ್ಯುವುದು. 12 ವೋಲ್ಟಿನಲ್ಲಿ ಅದು 50 ಆಂಪಿಯರ್. ಆರು ತಂತಿಗಳಿಗೆ ಹಂಚಿದರೂ ಒಂದೊಂದಕ್ಕೆ ಎಂಟಕ್ಕೂ ಹೆಚ್ಚು ಆಂಪಿಯರ್ ಬರುವುದು. ತೋಟದ ಐದು ಅಶ್ವಶಕ್ತಿಯ ಪಂಪು ಒಂದೊಂದು ಫೇಸಿನಲ್ಲಿ ಎಳೆಯುವುದು ಸುಮಾರು 7 ಆಂಪಿಯರ್! ಪಂಪಿನ ತಂತಿಗೆ ಕೊಡುವ ಗೌರವವನ್ನು ಪೊರಕೆಕಡ್ಡಿಯಷ್ಟು ದಪ್ಪದ ಈ ತಂತಿಗೂ ಕೊಡಬೇಡವೆ?

ವ್ಯಾಕರಣದಲ್ಲಿ ಅಕ್ಷರಗಳಿಗೆ ವಿಕಾರವುಂಟಾಗುವುದು ಸಂಧಿಸ್ಥಾನದಲ್ಲಿ. ವಿದ್ಯುತ್ತಿನಲ್ಲಿಯೂ ಅನರ್ಥವು ಪ್ರಾಯಶಃ ಸಂಧಿಯಲ್ಲಿಯೇ ಹುಟ್ಟುವುದು. ಪ್ಲಗ್ಗು ಪೂರ್ಣವಾಗಿ ಕೂರದಿದ್ದರೆ ಲೋಹವು ಲೋಹವನ್ನು ಅರೆಬರೆಯಾಗಿ ತಾಗಿ, ಆ ಎಡೆಯಲ್ಲಿ ತಡೆ ಹೆಚ್ಚಿ, ಪ್ಲಾಸ್ಟಿಕ್ಕು ಕರಗುವುದು. 2022ನೆಯ ಅಕ್ಟೋಬರಿನಲ್ಲಿ ಬಂದ ಎನ್‌ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕೆಲವಕ್ಕೆ ಹೀಗಾಯಿತು. ಪ್ಲಗ್ಗು ಪೂರ್ತಿ ಕೂರದಿದ್ದುದೇ ಸಾಮಾನ್ಯ ಕಾರಣವೆಂದು ನವೆಂಬರಿನಲ್ಲಿ ಕಂಪೆನಿಯು ತಿಳಿಸಿತು. 2023ರಲ್ಲಿ ಪ್ಲಗ್ಗಿನ ರಚನೆಯನ್ನು ತಿದ್ದಿದರು. ಆದರೂ 2025ರಲ್ಲಿ, ಮುಂದಿನ ಪೀಳಿಗೆಯ ಕಾರ್ಡುಗಳಲ್ಲಿ, ಅಂತಹ ವಾರ್ತೆಗಳು ಪುನಃ ಬಂದುವು.

ಜೋಡಿಸುವ ಕ್ರಮವಿದು. ಮೊದಲು ಲೆಕ್ಕ ನೋಡಬೇಕು: ಕಂಪ್ಯೂಟರಿನ ಮುಖ್ಯ ಫಲಕದ ಸೀಳಿನಿಂದ ಕಾರ್ಡಿಗೆ 75 ವಾಟು, ಆರು ಕಡ್ಡಿಯ ಪ್ಲಗ್ಗಿನಿಂದ 75, ಎಂಟು ಕಡ್ಡಿಯದರಿಂದ 150 ದೊರೆಯುವುದು. ಕಾರ್ಡಿನ ತಯಾರಕರು ಹೇಳಿದಷ್ಟು ಸಾಮರ್ಥ್ಯ ಪವರ್ ಸಪ್ಲೈ ಪೆಟ್ಟಿಗೆಗೆ ಇದೆಯೆ ಎಂದು ನಿಶ್ಚಯಿಸಿಕೊಳ್ಳಬೇಕು. ಅನಂತರ ಯಂತ್ರವನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಕಂಪ್ಯೂಟರಿನ ಗುಂಡಿಯನ್ನೊಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚತಕ್ಕುದಲ್ಲ.

ಕಾರ್ಡಿಗೆ ಎರಡು ಪ್ಲಗ್ಗು ಬೇಕಾದರೆ ಎರಡು ಬೇರೆ ಬೇರೆ ಕೇಬಲ್ಲುಗಳನ್ನೇ ಎಳೆಯುವುದು ಲೇಸು. ಸಿಪಿಯು ಎಂದು ಬರೆದ ಎಂಟು ಕಡ್ಡಿಯ ಪ್ಲಗ್ಗು ನೋಡಲು ಸೋದರನಂತಿದ್ದರೂ ಅದರ ಧನ-ಋಣಗಳ ಸ್ಥಾನ ತಿರುಗುಮುರುಗು, ಬಲವಂತದಿಂದ ತುರುಕಬಾರದು. ಬೇರೊಂದು ಪವರ್ ಸಪ್ಲೈಯ ಕೇಬಲ್ಲನ್ನು ಎರವಲು ತರಲೇಬಾರದು. ತುದಿ ಒಂದೇ ಆಗಿದ್ದರೂ ಒಳಕ್ರಮ ಬೇರೆಯಾಗಿರಬಹುದು. ಪ್ಲಗ್ಗನ್ನು ನೇರವಾಗಿ ಒತ್ತಿ, ಎಡೆಯೇನೂ ಉಳಿಯದಂತೆ ಕೂರಿಸಿ, ಮೆಲ್ಲಗೆ ಎಳೆದು ಪರೀಕ್ಷಿಸಬೇಕು. ಪ್ಲಗ್ಗಿನ ಬುಡದಲ್ಲಿಯೇ ತಂತಿಯನ್ನು ಬಗ್ಗಿಸಬಾರದು. ಸುಟ್ಟ ವಾಸನೆ ಬಂದರೆ ಒಡನೆ ಗೋಡೆಯ ಸ್ವಿಚ್ಚನ್ನು ಆರಿಸುವುದು.

ಈ ಕಾರ್ಯಕ್ಕೆ ಬೇಕಾದುದು ಅರ್ಧ ಗಂಟೆ. ಮಕ್ಕಳು ಆತುರಪಟ್ಟಾಗ ಹಿರಿಯರು ಪಕ್ಕದಲ್ಲಿ ದೀಪ ಹಿಡಿದು, “ಪ್ಲಗ್ಗು ಪೂರ್ತಿ ಕೂತಿತೆ?” ಎಂದು ಕೇಳಿದರೂ ಸಾಕು, ಅದೊಂದು ಪ್ರಶ್ನೆಯೇ ಮನೆಯನ್ನು ಕಾಯುವುದು.